ನಾಲ್ಕನೆಯ ಮೂಲೆ

ನಮ್ಮ ಶಾಲೆಯ ಚೀಲ ತರದ ಶನಿವಾರಗಳು ಶುರುವಾದದ್ದು ಆರು ಮೊಟ್ಟೆ ಮತ್ತು ಒಂದು ಟೊಮೆಟೊದಿಂದ. ತಿಂಗಳಿಗೊಂದು ಶನಿವಾರ ಮಕ್ಕಳು ಪುಸ್ತಕದ ಹೊರೆ ಇಲ್ಲದೆ ಬರಬೇಕು, ಕೈಯಿಂದ ಏನಾದರೂ ಮಾಡಿ ಕಲಿಯಬೇಕು ಎಂದು ಮೇಲಿನವರು ಹೇಳಿದ್ದರು. ಏನು ಮಾಡಬೇಕು ಎಂಬುದನ್ನು ಮಾತ್ರ ನಮಗೇ ಬಿಟ್ಟಿದ್ದರು. ನಾನು ತರಬೇತಿಯೊಂದರಲ್ಲಿ ನೋಡಿದ್ದ ಆಟವನ್ನು ಹಿಡಿದುಕೊಂಡೆ. ಮಕ್ಕಳನ್ನು ಗುಂಪು ಮಾಡುವುದು, ಮನೆಯಲ್ಲಿ ಬಿದ್ದಿರುವ ಹಳೆಯ ಪತ್ರಿಕೆ, ಸುತಳಿ, ಚಿಂದಿ ಬಟ್ಟೆ, ತೆಂಗಿನ ನಾರು ತರಲು ಹೇಳುವುದು, ಅವರ ಮುಂದೆ ಒಂದು ತೊಡಕು ಇಡುವುದು. ಮೊದಲನೆಯ ತೊಡಕು: ನಿಚ್ಚಣಿಕೆಯ ಮೇಲಿಂದ ಬಿಟ್ಟ ಮೊಟ್ಟೆ ಒಡೆಯಬಾರದು.

ಬಿಸಿಯೂಟದ ಅಡುಗೆಯಮ್ಮನನ್ನು ಆರು ಮೊಟ್ಟೆ ಕೇಳಿದೆ. ಅವು ತಿನ್ನಲಿಕ್ಕೆ ಬಂದವು, ಒಡೆಯಲಿಕ್ಕೆ ಅಲ್ಲ ಎಂದು ಆಕೆ ಬಾಗಿಲಿಗೆ ಅಡ್ಡ ನಿಂತಳು. ಕೊನೆಗೆ ಪಕ್ಕದ ಸಾಂಬ್ರಾಣಿ ಊರಿನ ಅಂಗಡಿಯಿಂದ ನಾನೇ ತಂದೆ. ಇನ್ನೇನು ಆಟ ಶುರುವಾಗಬೇಕು, ಆರನೆಯ ತರಗತಿಯ ಒಬ್ಬ ಹುಡುಗ ಎದ್ದು ನಿಂತ. ಅವನದು ಲಿಂಗ ಕಟ್ಟಿದ ರೈತರ ಮನೆ. ಬಿಸಿಯೂಟದಲ್ಲಿ ಎಲ್ಲರಿಗೂ ಮೊಟ್ಟೆ ಕೊಟ್ಟರೆ ಅವನಿಗೆ ಬಾಳೆಹಣ್ಣು. ಮೊಟ್ಟೆ ಮುಟ್ಟಿದರೆ ಅವ್ವ ಹೊಸ್ತಿಲೊಳಗೆ ಬಿಡುವುದಿಲ್ಲ, ಬಾಳೆಹಣ್ಣು ಬಿಟ್ಟರೆ ನಡೆಯುತ್ತದೆಯೇ ಎಂದು ಕೇಳಿದ. ಬಾಳೆಹಣ್ಣು ಬಿದ್ದರೆ ಏನಾಗುತ್ತದೆ ಹೇಳು ಎಂದೆ. ಏನೂ ಆಗುವುದಿಲ್ಲ, ಅದಕ್ಕೇ ಕೇಳಿದ್ದು ಎಂದ. ಅವನಿಗೆ ಟೊಮೆಟೊ ಕೊಟ್ಟೆವು. ಅಂದು ಆರು ಮೊಟ್ಟೆಗಳಲ್ಲಿ ನಾಲ್ಕು ಒಡೆದವು, ಟೊಮೆಟೊ ಮಾತ್ರ ನಾರಿನ ಗೂಡಿನೊಳಗೆ ಕುಳಿತಂತೆಯೇ ಇಳಿಯಿತು. ಅವನ ಗುಂಪಿನವರು ಅದನ್ನು ಉಪ್ಪು ಹಚ್ಚಿ ಹಂಚಿಕೊಂಡು ತಿಂದರು. ಒಡೆದ ಮೊಟ್ಟೆಗಳನ್ನು ಅಡುಗೆಯಮ್ಮ ಬೈಯುತ್ತಲೇ ತಟ್ಟೆಗೆ ಬಳಿದುಕೊಂಡು ಹೋದಳು.

ನಾನಿರುವುದು ದಾಂಡೇಲಿಯ ಅಂಬೇವಾಡಿಯಲ್ಲಿ. ಶಾಲೆ ಇರುವುದು ಸಾಂಬ್ರಾಣಿಯಿಂದಾಚೆ, ಕಾಡಿನ ಅಂಚಿನ ಒಂದು ಸಣ್ಣ ಊರಿನಲ್ಲಿ. ಹಳಿಯಾಳದಲ್ಲಿ ಬಸ್ಸು ಬದಲಿಸಬೇಕು. ಒಂದನೆಯದರಿಂದ ಏಳನೆಯದರವರೆಗೆ ಮಕ್ಕಳೆಲ್ಲ ಸೇರಿ ಐವತ್ತು ದಾಟುವುದಿಲ್ಲ. ಊರಿಗೆಲ್ಲ ನಾನು ಅಕ್ಕೋರು, ಅಲ್ಲಿ ಶಿಕ್ಷಕಿಯನ್ನು ಹಾಗೆಯೇ ಕರೆಯುತ್ತಾರೆ. ಆ ಶನಿವಾರದ ನಂತರ ನನ್ನ ಕೈಚೀಲದಲ್ಲಿ ಊಟದ ಡಬ್ಬಿಗಿಂತ ಹೆಚ್ಚು ಸುತಳಿ, ಬಾಟಲಿಯ ಮುಚ್ಚಳ, ಹಳೆಯ ಕಾಲುಚೀಲ ತುಂಬಿಕೊಂಡವು. ನಾನು ಪಾಠ ಹೇಳಲಿಕ್ಕೆ ಹೋಗುತ್ತೇನೋ ಗುಜರಿ ಆಯಲಿಕ್ಕೆ ಹೋಗುತ್ತೇನೋ ಎಂದು ನನ್ನ ಯಜಮಾನರು ಓಣಿಯವರ ಮುಂದೆಲ್ಲ ಹೇಳಿ ನಗುತ್ತಿದ್ದರು. ನಗಲಿ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಶನಿವಾರ ಬರಲಿ ಎಂದು ನಾನು ಕಾದದ್ದು ಅದೇ ಮೊದಲು.

ಆಟಕ್ಕೆ ಇದ್ದದ್ದು ಒಂದೇ ಕಟ್ಟುನಿಟ್ಟು. ದೊಡ್ಡವರು ಗುಂಪಿನ ಸುತ್ತ ಎಳೆದ ಸೀಮೆಸುಣ್ಣದ ಗೆರೆಯ ಹೊರಗೆ ನಿಲ್ಲಬೇಕು, ಕೈ ಹಾಕಬಾರದು, ದಾರಿ ಹೇಳಬಾರದು. ತರಬೇತಿಯಲ್ಲಿ ಕಲಿಸಿದವರು ಇದನ್ನು ಮೂರು ಸಲ ಹೇಳಿದ್ದರು, ಬಹುಶಃ ನನ್ನ ಮುಖ ನೋಡಿಯೇ ಹೇಳಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಯಾರಾದರೂ ಗಂಟು ತಪ್ಪು ಹಾಕುತ್ತಿದ್ದರೆ, ಕತ್ತರಿ ಓರೆ ಹಿಡಿದಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆಮನೆಯಲ್ಲಿ ಬೇರೆಯವರ ಸೀರೆಯ ನೆರಿಗೆ ಸರಿಮಾಡಿ ಬೈಸಿಕೊಂಡವಳು ನಾನು. ಆದರೂ ಆರೇಳು ತಿಂಗಳು ಹೇಗೋ ನಾಲಿಗೆ ಕಚ್ಚಿಕೊಂಡು ಗೆರೆಯ ಹೊರಗೆ ನಿಂತೆ. ಪತ್ರಿಕೆಯ ಗೋಪುರಗಳು ಎದ್ದವು, ಬಿದ್ದವು. ತಟ್ಟೆಯಲ್ಲಿದ್ದ ನೀರನ್ನು ತಟ್ಟೆ ಎತ್ತದೆ ಲೋಟಕ್ಕೆ ತುಂಬಿರಿ ಎಂದರೆ ಒಂದು ಗುಂಪು ಅಂಗಿ ಬಿಚ್ಚಿ ಅದ್ದಿ ಹಿಂಡಿತು. ನಾನು ಎಣಿಸಿದ್ದ ಉತ್ತರ ಅದಲ್ಲ, ಆದರೆ ಲೋಟವೇನೋ ತುಂಬಿತು.

ಗುಂಪುಗಳನ್ನು ಮಕ್ಕಳೇ ಆರಿಸಿಕೊಳ್ಳುತ್ತಿದ್ದರು. ಹಾಗಾಗಿ ಪ್ರತಿ ಸಲವೂ ಕೊನೆಗೆ ಒಬ್ಬಳು ಉಳಿಯುತ್ತಿದ್ದಳು. ಏಳನೆಯ ತರಗತಿಯ, ಸಿದ್ದಿ ಜನಾಂಗದ ಹುಡುಗಿ. ಯಾರೂ ಅವಳನ್ನು ಬೇಡ ಎನ್ನುತ್ತಿರಲಿಲ್ಲ, ಅವಳು ಇದ್ದಾಳೆ ಎಂಬುದೇ ಯಾರಿಗೂ ನೆನಪಾಗುತ್ತಿರಲಿಲ್ಲ. ಅಷ್ಟು ಸುಮ್ಮನಿರುವ ಮಗುವನ್ನು ನಾನು ಕಂಡಿಲ್ಲ. ಹಾಜರಿ ಕೂಗಿದರೆ ಎದ್ದು ನಿಲ್ಲುತ್ತಿದ್ದಳು, ಬಾಯಿಯಿಂದ ಹೂಂ ಎಂದೂ ಬರುತ್ತಿರಲಿಲ್ಲ. ಲೆಕ್ಕ ಹಲಗೆಯ ಮೇಲೆ ಸರಿಯಾಗಿ ಮಾಡುತ್ತಿದ್ದಳು, ಹೇಗೆ ಮಾಡಿದೆ ಎಂದು ಕೇಳಿದರೆ ಸುಣ್ಣದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ಹೋಗಿ ಕೂರುತ್ತಿದ್ದಳು. ನಾನು ಅವಳನ್ನು ಮನಸ್ಸಿನಲ್ಲೇ ನಿಧಾನದ ಹುಡುಗಿ ಎಂದು ಬರೆದಿಟ್ಟುಕೊಂಡಿದ್ದೆ. ಅದು ತಪ್ಪು ಎಂದು ಈಗ ಗೊತ್ತು, ಆಗ ಗೊತ್ತಿರಲಿಲ್ಲ.

ಅವಳ ಅಪ್ಪ ಅವ್ವ ಮುಂಡಗೋಡದ ಕಡೆ ಕೆಲಸಕ್ಕೆ ಹೋಗಿ ತಿಂಗಳಿಗೊಮ್ಮೆ ಬರುವವರು. ಹುಡುಗಿಯನ್ನು ನೋಡಿಕೊಳ್ಳುವವಳು ಅಜ್ಜಿ. ಗಟ್ಟಿ ಹೆಂಗಸು, ಹಳೆಯ ಬಟ್ಟೆಯ ತುಂಡು ಕೂಡಿಸಿ ಹೊದಿಯುವ ಕೌದಿ ಹೊಲಿಯುವುದರಲ್ಲಿ ಸುತ್ತಲಿನ ನಾಲ್ಕು ಊರಿಗೆ ಹೆಸರು. ನಮ್ಮ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಮುಂದೆ ಓದಬೇಕಾದರೆ ಹಳಿಯಾಳದ ಹಾಸ್ಟೆಲಿನಲ್ಲಿರಬೇಕು, ಏಕೆಂದರೆ ಊರಿಗೆ ಬರುವ ಎರಡು ಬಸ್ಸುಗಳಲ್ಲಿ ಒಂದು ಬಂದರೆ ಬಂತು. ದೀಪಾವಳಿಯ ರಜೆ ಮುಗಿದ ಮೇಲೆ ಆ ಅಜ್ಜಿಯ ಅಂಗಳಕ್ಕೆ ಹೋಗಿ, ಜೂನಿನಲ್ಲಿ ಹುಡುಗಿಯನ್ನು ಕಳಿಸಬೇಕು ಎಂದು ಹೇಳಿದೆ. ಅಜ್ಜಿ ಕೌದಿಯಿಂದ ತಲೆ ಎತ್ತಲಿಲ್ಲ.

"ಎರಡನೇ ಸಲ ಅನ್ನಾ ಬೇಡಾಕ ಬಾಯಿಲ್ಲ ಆಕಿಗೆ. ಹಾಸ್ಟೆಲಿಗೆ ಹಾಕಿದ್ರ ಹಸಕೊಂಡ ಮಲಗ್ತಾಳ, ಅಕ್ಕೋರ. ತನಗ ಬೇಕಾದ್ದ ಬೇಕು, ಬ್ಯಾಡಾದ್ದ ಬ್ಯಾಡ ಅನ್ನೂ ಹಂಗ ಮಾಡ್ರಿ ಮೊದಲ. ಆಮ್ಯಾಗ ನೋಡೂಣು."

ಓದು ಬೇಡ ಎನ್ನುವವರಿಗೆ ಹೇಳಲು ನನ್ನ ಬಳಿ ಹತ್ತು ಮಾತು ತಯಾರಿದ್ದವು. ಆಕೆ ಓದು ಬೇಡ ಎಂದಿರಲಿಲ್ಲ. ಅಜ್ಜಿ ಹೇಳಿದ್ದು ಸರಿಯೇ ಇತ್ತು. ನಾಲ್ಕು ಮೈಲಿ ಆಚೆಯ ಊರಿನ ಒಬ್ಬ ಹುಡುಗಿ ಹಿಂದಿನ ವರ್ಷ ಹಾಸ್ಟೆಲಿನಿಂದ ಹದಿನೈದು ದಿನಕ್ಕೇ ಓಡಿ ಬಂದದ್ದನ್ನು ನಾನೂ ಕೇಳಿದ್ದೆ. ಜೂನಿನ ಹೊತ್ತಿಗೆ ನಿಮ್ಮ ಮೊಮ್ಮಗಳು ಮಾತಾಡುತ್ತಾಳೆ, ಅದು ನನ್ನ ಜವಾಬ್ದಾರಿ ಎಂದು ಹೇಳಿಬಂದೆ. ಬಸ್ಸಿನಲ್ಲಿ ಕೂತ ಮೇಲೆ, ಇದೆಂಥ ಜವಾಬ್ದಾರಿ ತಲೆಯ ಮೇಲೆ ಹಾಕಿಕೊಂಡೆ ಎಂದು ನನ್ನನ್ನೇ ಬೈದುಕೊಂಡೆ.

ಡಿಸೆಂಬರಿನಲ್ಲಿ ಸುದ್ದಿ ಬಂತು. ಹಳಿಯಾಳ, ದಾಂಡೇಲಿ ಕಡೆಯ ಕೆಲವು ಶಾಲೆಗಳು ಸೇರಿ ಹಳಿಯಾಳದಲ್ಲಿ ಇಂಥದೇ ಆಟ ಇಟ್ಟುಕೊಂಡಿದ್ದವು. ಶಾಲೆಗೊಂದು ಗುಂಪು, ಗುಂಪಿಗೆ ನಾಲ್ಕು ಮಕ್ಕಳು. ಅಂಗಡಿಯಿಂದ ಏನೂ ಕೊಳ್ಳುವಂತಿಲ್ಲ, ಮನೆಯ ಹಳೆಯ ಸಾಮಾನಷ್ಟೇ. ಬಾಯಿತುಂಬ ನೀರಿರುವ ಒಂದು ಕೊಡವನ್ನು ಮೂವತ್ತು ಹೆಜ್ಜೆ ದಾಟಿಸಬೇಕು, ಕೊಡಕ್ಕೆ ಯಾರ ಕೈಯೂ ತಾಕಬಾರದು, ಹೊರುವವರು ಕೊಡದಿಂದ ಎರಡು ಮಾರು ದೂರ ಇರಬೇಕು. ಹೊರುವ ಸಾಧನವನ್ನು ಅಲ್ಲೇ, ಎಲ್ಲರ ಮುಂದೆ, ನಲವತ್ತು ನಿಮಿಷದಲ್ಲಿ ಮಾಡಬೇಕು.

ಟೊಮೆಟೊ ಹುಡುಗನನ್ನು ಮೊದಲು ಆರಿಸಿದೆ, ಅವನ ತಲೆ ಓಡುತ್ತದೆ, ಬಾಯಿಯೂ ಓಡುತ್ತದೆ. ಹಾಲಿನ ಕ್ಯಾನು ಹೊತ್ತು ತೋಳು ಗಟ್ಟಿ ಮಾಡಿಕೊಂಡಿದ್ದ ಗೌಳಿಗರ ಅಕ್ಕತಂಗಿ ಇಬ್ಬರನ್ನು ತೆಗೆದುಕೊಂಡೆ. ನಾಲ್ಕನೆಯದಾಗಿ ಅಜ್ಜಿಗೆ ಕೊಟ್ಟ ಮಾತು ನೆನಪಾಗಿ ಆ ಹುಡುಗಿಯ ಹೆಸರು ಬರೆದೆ. ನಿಜ ಹೇಳಬೇಕೆಂದರೆ, ಉಳಿದ ಮೂವರು ಸಂಭಾಳಿಸುತ್ತಾರೆ ಎಂಬ ಧೈರ್ಯದ ಮೇಲೆ ಬರೆದೆ.

ಹೇಗೆ ಹೊರುವುದು ಎಂದು ಮೂವರೂ ಒಂದು ಗಂಟೆ ಜಗಳಾಡಿದರು. ಕೊನೆಗೆ ಹುಡುಗ ಸುಮ್ಮನಿರುವವಳ ಕಡೆ ತಿರುಗಿ, ಇವಳ ಅಜ್ಜಿ ಹೊಲಿಯುವ ಕೌದಿಯಂಥದನ್ನೇ ಹೊಲಿದು ನಾಲ್ಕು ಮೂಲೆಗೆ ಹಗ್ಗ ಕಟ್ಟಿದರೆ ಆಗುವುದಿಲ್ಲವೇ ಎಂದ. ಹುಡುಗಿ ಎದ್ದು ಮನೆಗೆ ಹೋಗಿ ಸೂಜಿ, ದಾರ, ಹಳೆಯ ಸೀರೆಯ ತುಂಡುಗಳನ್ನು ತಂದು ನಡುವೆ ಸುರಿದಳು.

ಅವರ ಮನೆಯ ಕೌದಿಗೆ ಒಂದು ಪದ್ಧತಿ ಇದೆ. ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ತುಂಡು ಕೂಡಿಸುತ್ತ ಹೋಗಬೇಕು, ಸುತ್ತು ಮುಗಿದ ಮೇಲೆ ಅದರ ಒಳಗೆ ಇನ್ನೊಂದು ಸುತ್ತು, ಹೀಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಎಲ್ಲ ಮುಗಿದ ಮೇಲೆ ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಪದರ ಪದರ ಮಡಚಿ ಹೊಲಿಯುತ್ತಾರೆ. ಅದಕ್ಕೆ ಫುಲ ಎನ್ನುತ್ತಾರೆ, ಹೂವು ಎಂದು ಅರ್ಥ. ಫುಲ ಹಾಕದ ಕೌದಿಯನ್ನು ಅಜ್ಜಿ ಯಾರಿಗೂ ಹೊದಿಯಲು ಕೊಡುವುದಿಲ್ಲ, ಅದು ಬತ್ತಲೆ ಇದ್ದಂತೆ ಎನ್ನುತ್ತಾಳಂತೆ. ಇದನ್ನೆಲ್ಲ ನನಗೆ ಹೇಳಿದ್ದು ಟೊಮೆಟೊ ಹುಡುಗ. ಹುಡುಗಿ ಬರೀ ಕೈಯಿಂದ ತೋರಿಸುತ್ತಿದ್ದಳು. ಎರಡೇ ದಿನದಲ್ಲಿ ಮೂವರೂ ಅವಳ ಕೈ ನೋಡಿಕೊಂಡು ಹೊಲಿಯುವುದಕ್ಕೆ ಹತ್ತಿದರು. ಜೀವಮಾನದಲ್ಲಿ ಮೊದಲ ಸಲ ಅವಳ ಸುತ್ತ ಮೂರು ಜನ ಕೂತಿದ್ದರು. ಅವಳ ಮುಖ ನೋಡಿ ನನಗೆ ತುಂಬ ಖುಷಿಯಾಯಿತು.

ಆದರೆ ಹೊತ್ತು ಹಿಡಿಯುತ್ತಿತ್ತು. ಮೊದಲ ಸಲ ಒಂದೂವರೆ ತಾಸು, ಎರಡನೆಯ ಸಲ ಐವತ್ತೈದು ನಿಮಿಷ. ಕೊಡವೇನೋ ಎರಡೂ ಸಲ ಶಾಲೆಯ ಅಂಗಳ ದಾಟಿತು. ಈ ಹೂವಿನ ಶೃಂಗಾರ ಬಿಟ್ಟರೆ ಏಳೆಂಟು ನಿಮಿಷ ಉಳಿಯುತ್ತದಲ್ಲ ಎಂದು ನಾನು ಗೆರೆಯ ಹೊರಗೆ ನಿಂತೇ ಹೇಳಿದೆ. ದಾರಿ ಹೇಳಬಾರದು ಎಂಬುದನ್ನು ಅಲ್ಲಿಗೇ ಮುರಿದಂತಾಯಿತು. ಹುಡುಗಿ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಒಪ್ಪಿದಳು ಎಂದುಕೊಂಡೆ.

ಹಳಿಯಾಳದ ಆಟದ ಬಯಲಿನಲ್ಲಿ ಜನವರಿಯ ಬಿಸಿಲು ಹಿತವಾಗಿತ್ತು. ಹನ್ನೊಂದು ಶಾಲೆಗಳು, ಹನ್ನೊಂದು ಸುಣ್ಣದ ಚೌಕಗಳು. ತೀರ್ಪುಗಾರರು ಅಂಬಿಕಾನಗರದಿಂದ ಬಂದಿದ್ದ ನಿವೃತ್ತ ಎಂಜಿನಿಯರರು, ಬಿಳಿ ಮೀಸೆಯ ಮಿತಭಾಷಿ. ನಮ್ಮ ಪಕ್ಕದ ಚೌಕದಲ್ಲಿ ದಾಂಡೇಲಿಯ ಮಕ್ಕಳು ಪತ್ರಿಕೆಯನ್ನು ಹೊಸೆದು ಹಗ್ಗ ಮಾಡಿ, ಹಿಂದೆ ಮನೆಗಳಲ್ಲಿ ಹಾಲಿನ ಗಡಿಗೆ ತೂಗುಹಾಕುತ್ತಿದ್ದ ನೆಲವಿನಂಥದನ್ನು ಹೆಣೆಯುತ್ತಿದ್ದರು. ಅವರ ಕೈ ಚುರುಕು ನೋಡಿ ನಾನು ಗಡಿಯಾರ ನೋಡಿಕೊಂಡೆ.

ನಮ್ಮವರೂ ಹಿಂದೆ ಬೀಳಲಿಲ್ಲ. ನಾಲ್ವರೂ ನಾಲ್ಕು ಅಂಚಿಗೆ ಕೂತು ತಲೆ ಎತ್ತದೆ ಹೊಲಿದರು. ಮೂವತ್ತು ನಿಮಿಷಕ್ಕೆ ಬಟ್ಟೆ ತಯಾರಾಯಿತು. ಇನ್ನು ಮೂಲೆಗೆ ತೂತು ಮಾಡಿ ಹಗ್ಗ ಪೋಣಿಸಿದರೆ ಕೆಲಸ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಆಗ ಹುಡುಗಿ ಉಳಿದ ತುಂಡುಗಳಿಂದ ಒಂದು ಕೆಂಪು ಬಟ್ಟೆ ಆರಿಸಿ ಮಡಚತೊಡಗಿದಳು. ಫುಲ. ಒಂದು ಮೂಲೆ ಮುಗಿಸಿ ಎರಡನೆಯದಕ್ಕೆ ಹೋದಳು, ಅದು ಮುಗಿಸಿ ಮೂರನೆಯದಕ್ಕೆ. ಉಳಿದ ಮೂವರು ಅವಳ ಹಿಂದೆ ಹಗ್ಗ ಹಿಡಿದು ಕಾಯುತ್ತಿದ್ದಾರೆ. ಪಕ್ಕದ ಚೌಕದವರು ಕೊಡ ಎತ್ತಿಯೇ ಬಿಟ್ಟರು. ನನ್ನ ಗಡಿಯಾರದಲ್ಲಿ ಮೂವತ್ತಾರು ನಿಮಿಷ. ಸಾಕು ಎಂದು ಕೂಗಿದೆ. ಅವಳಿಗೆ ಕೇಳಿಸಲಿಲ್ಲವೋ ಏನೋ, ನಾಲ್ಕನೆಯ ಮೂಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಗೆರೆ ದಾಟಿ ಒಳಗೆ ಹೋದೆ. ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡೆ, ಅರ್ಧ ಹೊಲಿದಿದ್ದ ಕೆಂಪು ತುಂಡಿನ ದಾರವನ್ನು ಹಲ್ಲಿನಿಂದ ಕಡಿದು ತುಂಡನ್ನು ನೆಲಕ್ಕೆಸೆದೆ.

"ಶೃಂಗಾರ ಸಾಕವ್ವಾ. ಹಗ್ಗಾ ಕಟ್ಟ ಮೊದಲ."

ಅವಳು ನನ್ನನ್ನು ನೋಡಿದಳು. ತುಟಿಗಳು ತೆರೆದವು, ಅದನ್ನು ನಾನು ಸ್ಪಷ್ಟವಾಗಿ ಕಂಡೆ. ಮತ್ತೆ ಮುಚ್ಚಿಕೊಂಡವು. ಹಗ್ಗ ತೆಗೆದುಕೊಂಡು ಆ ಬರಿಯ ಮೂಲೆಗೆ ಪೋಣಿಸಿ ಗಂಟು ಹಾಕಿದಳು. ತೀರ್ಪುಗಾರರು ದೂರದಿಂದ ನೋಡಿ ಕಾಗದದಲ್ಲಿ ಏನೋ ಬರೆದುಕೊಂಡರು. ಬರೆದುಕೊಳ್ಳಲಿ, ಒಂದೆರಡು ಅಂಕ ಹೋದರೆ ಹೋಗಲಿ, ಕೊಡ ದಾಟಿದರೆ ಸಾಕು ಎಂದುಕೊಂಡೆ.

ನಾಲ್ವರೂ ನಾಲ್ಕು ಹಗ್ಗ ಹಿಡಿದು ಹಿಂದಕ್ಕೆ ಜಗ್ಗಿದರು. ಬಟ್ಟೆ ಬಿಗಿಯಾಗಿ ಮೇಲೆದ್ದಿತು, ನಡುವೆ ಕೊಡ ನೆಟ್ಟಗೆ ಕುಳಿತಿತ್ತು. ಹತ್ತು ಹೆಜ್ಜೆ, ಹದಿನೈದು ಹೆಜ್ಜೆ. ಜನ ಚಪ್ಪಾಳೆ ತಟ್ಟಲು ಶುರುಮಾಡಿದರು. ಇಪ್ಪತ್ತನೆಯ ಹೆಜ್ಜೆಗೆ ಚರ್ರೆಂದು ಸದ್ದು ಬಂತು, ಒಂದು ಕಡೆ ಜೋತು ಬಿತ್ತು, ಕೊಡ ಉರುಳಿ ಗೌಳಿಗರ ತಂಗಿಯ ಕಾಲ ಮೇಲೆಲ್ಲ ನೀರು ಚೆಲ್ಲಿತು. ಹರಿದದ್ದು ನಾಲ್ಕನೆಯ ಮೂಲೆ. ಉಳಿದ ಮೂರೂ ಮೂಲೆಗಳಲ್ಲಿ ಪದರ ಪದರ ಮಡಚಿದ ಬಟ್ಟೆಯೊಳಗೆ ಹಗ್ಗ ಅಲ್ಲಾಡದೆ ನಿಂತಿತ್ತು. ಎರಡು ಸಲ ಶಾಲೆಯ ಅಂಗಳದಲ್ಲಿ ಕೊಡ ದಾಟಿಸಿದ್ದು ಆ ಹೂವುಗಳೇ ಎಂಬುದು ನನ್ನ ತಲೆಗೆ ಹೊಳೆದದ್ದು ಆಗ.

ಟೊಮೆಟೊ ಹುಡುಗನಿಗೆ ಅಳು ಬಂದಿತ್ತು. ಅಳು ಬಂದವರಿಗೆ ಯಾರ ಮೇಲಾದರೂ ಹರಿಹಾಯಬೇಕು. ಅವನು ಹುಡುಗಿಯ ಕಡೆ ತಿರುಗಿ, ಮೂಲೆ ಗಟ್ಟಿ ಹೊಲಿಯಬಾರದಾಗಿತ್ತೇನು ಎಂದ. ಅವಳು ಹರಿದ ಬಟ್ಟೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಅಕ್ಕತಂಗಿಯರೂ ಅವಳನ್ನೇ ನೋಡುತ್ತಿದ್ದರು. ಅವಳು ನನ್ನ ಹೆಸರು ಹೇಳುವುದಿಲ್ಲ, ಎಲ್ಲವನ್ನೂ ತಾನೇ ಹೊತ್ತುಕೊಂಡು ನಾಳೆಯಿಂದ ಮತ್ತೆ ಕೊನೆಯ ಸಾಲಿಗೆ ಹೋಗಿ ಕೂರುತ್ತಾಳೆ ಎಂದು ನನಗೆ ಅನ್ನಿಸಿತು. ಹತ್ತು ಶಾಲೆಯ ಶಿಕ್ಷಕರು ಸುತ್ತ ನಿಂತಿದ್ದರು. ಅವರಲ್ಲಿ ಇಬ್ಬರಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಕ್ಷಣದಲ್ಲಿ ನನಗೆ ಮೊದಲು ನೆನಪಾದದ್ದು ಆ ಇಬ್ಬರೇ.

"ಆಕಿದಲ್ಲ ತಪ್ಪು. ಹರದದ್ದು ನಾ ಕಿತ್ತ ಮೂಲಿ. ಆಕಿ ಸರಿಯಾಗೇ ಮಾಡಾಕಹತ್ತಿದ್ಲು, ನಾ ಬಿಡಲಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ತೀರ್ಪುಗಾರರು ಬಂದು ಹರಿದ ಮೂಲೆಯನ್ನೂ ಹರಿಯದ ಮೂಲೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಕೊಡ ಎತ್ತಿದಾಗ ನಿಮ್ಮ ಹೊತ್ತು ಮುಗಿಯಲು ಇನ್ನೂ ಎರಡು ನಿಮಿಷವಿತ್ತು ಎಂದು ನನಗಷ್ಟೇ ಕೇಳುವಂತೆ ಹೇಳಿದರು, ಅದನ್ನು ಹೇಳದಿದ್ದರೂ ನಡೆಯುತ್ತಿತ್ತು. ಆಮೇಲೆ ಹುಡುಗಿಯ ಮುಂದೆ ಮೊಣಕಾಲೂರಿ ಕೂತು, ಹೀಗೆ ಮಡಚುವುದು ಹೇಗೆ ಎಂದು ಕೇಳಿದರು. ಅವಳು ಕೆಂಪು ತುಂಡನ್ನು ನೆಲದಿಂದ ಹೆಕ್ಕಿ ಮಡಚಿ ತೋರಿಸಿದಳು, ಬಿಚ್ಚಿ ಮತ್ತೆ ತೋರಿಸಿದಳು. ಗೆದ್ದವರು ದಾಂಡೇಲಿಯ ಮಕ್ಕಳು. ನಮಗೆ ಯಾವ ಸ್ಥಾನವೂ ಬರಲಿಲ್ಲ. ಬಂದವರಿಗೆಲ್ಲ ಕೊಟ್ಟ ಉಪ್ಪಿಟ್ಟು, ಶಿರಾ ತಿಂದು ಬಸ್ಸು ಹತ್ತಿದೆವು.

ಬಸ್ಸಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೂಲೆ ಹರಿಯುತ್ತದೆ ಎಂದು ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಹಾಗಾದರೆ ನನಗೆ ಯಾಕೆ ಹೇಳಲಿಲ್ಲ ಎಂದೆ. ಕಿಟಕಿಯ ಕಡೆ ತಿರುಗಿದಳು. ಹಾಗೆಯೇ ಮೆಲ್ಲಗೆ ಅಂದಳು:

"ನೀವು ಅಕ್ಕೋರಲ್ಲರಿ?"

ಇಪ್ಪತ್ತೆರಡು ವರ್ಷದಿಂದ ನಾನು ಮಕ್ಕಳಿಗೆ ಕೈ ಕಟ್ಟು, ಬಾಯಿ ಮುಚ್ಚು ಎನ್ನುತ್ತಲೇ ಬಂದವಳು. ಈ ಒಬ್ಬಳು ಅದನ್ನು ಪೂರ್ತಿಯಾಗಿ ಕಲಿತಿದ್ದಳು.

ಮರುದಿನವೇ ಅಜ್ಜಿಯ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಮುಚ್ಚಿಟ್ಟರೆ ಟೊಮೆಟೊ ಹುಡುಗ ಹೇಳುತ್ತಿದ್ದ, ಅದು ಬೇರೆ ಮಾತು. ಅಜ್ಜಿ ಹರಿದ ಮೂಲೆಯನ್ನು ತಿರುವಿ ನೋಡಿ, ಕಲಿತವರು ನೀವು, ಇಷ್ಟೂ ಗೊತ್ತಾಗಲಿಲ್ಲವೇ ಎಂದು ನಕ್ಕುಬಿಟ್ಟಳು. ಆದರೆ ಹುಡುಗಿ ಗೊತ್ತಿದ್ದೂ ಸುಮ್ಮನಿದ್ದಳು ಎಂಬ ಮಾತು ಬಂದಾಗ ಆ ನಗು ನಿಂತಿತು. ತನ್ನ ಕೈಯ ಕೆಲಸವನ್ನೇ ಕಿತ್ತುಕೊಂಡರೂ ಬಾಯಿ ಬಿಡದವಳನ್ನು ಹಾಸ್ಟೆಲಿಗೆ ಹೇಗೆ ಕಳಿಸಲಿ ಎಂದಳು. ಆ ದಿನ ಚಹಾ ಕುಡಿಯದೆ ಎದ್ದು ಬಂದೆ.

ಮುಂದಿನ ವಾರಗಳಲ್ಲಿ ನಾನೊಂದು ಉಪಾಯ ಮಾಡಿದೆ. ತಿಂಗಳಿಗೊಂದಿದ್ದ ಶನಿವಾರದ ಆಟವನ್ನು ವಾರಕ್ಕೊಂದು ಮಾಡಿದೆ. ಅವಳಿದ್ದ ಗುಂಪಿಗೆ ಹೋಗಿ ಬೇಕೆಂದೇ ತಪ್ಪು ಹೇಳುವುದು, ಅವಳು ತಡೆದುಕೊಳ್ಳಲಾರದೆ ಅಲ್ಲ ಎನ್ನಬೇಕು, ಇದು ನನ್ನ ಲೆಕ್ಕಾಚಾರ. ಪತ್ರಿಕೆಯ ಗೋಪುರಕ್ಕೆ ಬುಡ ಸಣ್ಣದು ಮಾಡಿ, ತುದಿ ದಪ್ಪ ಮಾಡಿ ಎಂದೆ. ಅವಳು ಹಾಗೆಯೇ ಮಾಡಿದಳು. ಗೋಪುರ ನನ್ನ ಮೈಮೇಲೇ ಬಿತ್ತು. ಬಿದಿರಿನ ಕಡ್ಡಿಯ ಸೇತುವೆಗೆ ಗಂಟೇ ಬೇಡ ಎಂದೆ. ಗಂಟು ಬಿಚ್ಚಿದಳು. ಮೂರನೆಯ ವಾರ ಉಳಿದ ಮಕ್ಕಳು, ಅಕ್ಕೋರಿಗೆ ಇತ್ತೀಚೆಗೆ ಏನೋ ಆಗಿದೆ ಎಂದು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ಯಜಮಾನರ ಬಳಿ ಹೇಳಿಕೊಂಡರೆ, ನೀನು ಬೇಕೆಂದು ತಪ್ಪು ಹೇಳುವುದಕ್ಕೂ ತಿಳಿಯದೆ ಹೇಳುವುದಕ್ಕೂ ಕೇಳುವವರಿಗೆ ಫರಕು ಹೇಗೆ ತಿಳಿಯಬೇಕು ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಉಪಾಯ ಕೈಬಿಟ್ಟೆ.

ಈ ನಡುವೆ ನನ್ನ ಗಮನಕ್ಕೆ ಬಾರದೆ ಒಂದು ಬದಲಾವಣೆಯಾಗಿತ್ತು. ಗುಂಪು ಆರಿಸುವಾಗ ಈಗ ಅವಳನ್ನು ಮೊದಲು ಕರೆಯುತ್ತಿದ್ದರು. ಹಳಿಯಾಳದಲ್ಲಿ ಆ ದೊಡ್ಡ ಮನುಷ್ಯರು ಮೊಣಕಾಲೂರಿ ಕೇಳಿದ್ದನ್ನು ಅಕ್ಕತಂಗಿಯರು ಊರಿಗೆಲ್ಲ ಹಬ್ಬಿಸಿದ್ದರು. ಹುಡುಗ ಅವಳ ಹತ್ತಿರ ತಪ್ಪಾಯಿತು ಎಂದು ಹೇಳಿ ಪೇರಲಹಣ್ಣು ಕೊಟ್ಟಿದ್ದನಂತೆ. ಆಟದ ಹೊತ್ತಿನಲ್ಲಿ ನಾಲ್ವರೂ ತಲೆ ಕೂಡಿಸಿ ಪಿಸುಗುಡುವಾಗ ಅವಳ ತುಟಿಯೂ ಅಲ್ಲಾಡುವುದನ್ನು ಒಂದೆರಡು ಸಲ ಕಂಡೆ. ಹತ್ತಿರ ಹೋದರೆ ನಿಲ್ಲುತ್ತಿತ್ತು. ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿದೆ.

ಮಾರ್ಚಿನ ಒಂದು ಶನಿವಾರ ನಾಲ್ವರೂ ಒಟ್ಟಿಗೆ ಬಂದು, ಕೊಡದ ಆಟವನ್ನು ಇನ್ನೊಂದು ಸಲ ಆಡುತ್ತೇವೆ ಎಂದರು. ಮಾತಾಡಿದ್ದು ಹುಡುಗ. ಬಹುಮಾನವಿಲ್ಲ, ತೀರ್ಪುಗಾರರಿಲ್ಲ, ನೋಡಲು ನಮ್ಮ ಶಾಲೆಯ ಐವತ್ತು ಮಕ್ಕಳು ಮತ್ತು ಅಡುಗೆಯಮ್ಮ. ಹೊತ್ತು ಮಾತ್ರ ನಲವತ್ತು ನಿಮಿಷವೇ ಇರಬೇಕು ಎಂದರು. ಸರಿ ಎಂದೆ. ನಾಲ್ವರೂ ಅಂಗಳದ ಬೇವಿನ ನೆರಳಿಗೆ ಕೂತರು. ಎಷ್ಟು ಸಲ ಹೊಲಿದು ರೂಢಿ ಮಾಡಿಕೊಂಡಿದ್ದರೋ, ಇಪ್ಪತ್ತೈದು ನಿಮಿಷಕ್ಕೆ ಬಟ್ಟೆ ಮುಗಿಯಿತು. ಹುಡುಗಿ ಫುಲ ಮಡಚತೊಡಗಿದಳು. ಉಳಿದವರಿಗೂ ಒಂದೊಂದು ಮಡಚಲು ಕಲಿಸಿದ್ದಳು, ಆದರೆ ಹೊಲಿದದ್ದು ಅವಳೇ.

ನಾಲ್ಕನೆಯ ಮೂಲೆಗೆ ಬಂದಾಗ ಅವಳ ದಾರ ಸಿಕ್ಕಾಯಿತು. ಸಣ್ಣ ಸಿಕ್ಕು, ಬೆರಳ ತುದಿಯಿಂದ ಎಳೆದರೆ ಬಿಡಿಸಿಕೊಳ್ಳುವಂಥದು. ದೇವರಾಣೆ, ಆ ಹೊತ್ತಿನಲ್ಲಿ ನನಗೆ ಯಾವ ಉಪಾಯವೂ ಇರಲಿಲ್ಲ, ಅಜ್ಜಿಯೂ ನೆನಪಿರಲಿಲ್ಲ. ಸಿಕ್ಕಾದ ದಾರ ಕಂಡಿತು, ಬಗ್ಗಿ ಕೈ ಚಾಚಿದೆ, ಅಷ್ಟೇ.

"ಕೈ ತಗೀರಿ, ಅಕ್ಕೋರ."

ದನಿ ದೊಡ್ಡದೇನಲ್ಲ. ಆದರೆ ಅಂಗಳದಲ್ಲಿ ಎಲ್ಲರಿಗೂ ಕೇಳಿಸಿತು. ಟೊಮೆಟೊ ಹುಡುಗ ಬಾಯಿ ತೆರೆದುಕೊಂಡು ನನ್ನ ಮುಖ ನೋಡಿದ, ಈಗ ಏಟು ಬೀಳುತ್ತದೆ ಎಂದೇ ಅವನೆಣಿಸಿದ್ದು. ಹುಡುಗಿ ತಲೆ ತಗ್ಗಿಸಲಿಲ್ಲ. ನನ್ನ ಕಣ್ಣನ್ನೇ ನೋಡುತ್ತ, ಬಟ್ಟೆಯ ಮೂಲೆಯನ್ನು ತನ್ನ ಕಡೆ ಒಂದಿಷ್ಟು ಎಳೆದುಕೊಂಡು ಮತ್ತೊಂದು ಮಾತು ಸೇರಿಸಿದಳು: "ನಾ ಬಿಡಸ್ತೇನಿ." ನಾನು ಕೈ ತೆಗೆದೆ. ಗೆರೆಯ ಹೊರಗೆ ಹೋಗಿ ನಿಂತೆ. ಕಣ್ಣಲ್ಲಿ ನೀರು ಬಂತು, ಅಡುಗೆಮನೆಯ ಹೊಗೆ ಎಂದು ಹೇಳಿಕೊಂಡೆ. ಅಡುಗೆಯಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರಿಂದ ಆ ಮಾತನ್ನು ಯಾರೂ ನಂಬಲಿಲ್ಲ.

ಕೊಡ ಮೂವತ್ತು ಹೆಜ್ಜೆ ದಾಟಿತು. ಸ್ವಲ್ಪ ನೀರು ತುಳುಕಿತು, ಒಂದು ಲೋಟದಷ್ಟಿರಬಹುದು.

ಅಂದು ಶಾಲೆ ಬಿಟ್ಟ ಮೇಲೆ ಬಸ್ಸನ್ನು ಹೋಗಲು ಬಿಟ್ಟು ಅಜ್ಜಿಯ ಅಂಗಳಕ್ಕೆ ನಡೆದೆ. ಎಲ್ಲರೆದುರಿಗೆ ನಿಮ್ಮ ಮೊಮ್ಮಗಳು ನನಗೆ ಕೈ ತೆಗೆಯಿರಿ ಎಂದಳು ಎಂದು, ದೂರು ಹೇಳುವ ದನಿಯಲ್ಲೇ ಹೇಳಿದೆ. ನಗು ತಡೆಯಲು ಆಗುತ್ತಿರಲಿಲ್ಲ. ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ನಿಮಗೇ ಅಂದಳೇ ಎಂದು ಎರಡು ಸಲ ಕೇಳಿದಳು. ನನಗೇ ಎಂದು ಎರಡು ಸಲ ಹೇಳಿದೆ. ಸಿಟ್ಟು ಬಂತೇ ಎಂದಳು. ಬರಲಿಲ್ಲ ಎಂದೆ. ಒಳಗೆ ಹುಡುಗಿ ಚಹಾಕ್ಕೆ ನೀರಿಟ್ಟ ಸದ್ದು ಕೇಳುತ್ತಿತ್ತು. ಅಜ್ಜಿ ಆ ಕಡೆ ಒಮ್ಮೆ ನೋಡಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು, ಆಮೇಲೆ ಬದಿಯಲ್ಲಿದ್ದ ಹಳೆಯ ಸೀರೆಗಳ ಗಂಟನ್ನು ಹತ್ತಿರ ಎಳೆದುಕೊಂಡು ಬಿಚ್ಚತೊಡಗಿದಳು. ಬಣ್ಣ ನೋಡಿ ಒಂದೊಂದನ್ನೇ ಬೇರೆ ಇಡುತ್ತ ಕೇಳಿದಳು:

"ಹಾಸ್ಟೆಲಿನ್ಯಾಗ ಹೊದ್ಯಾಕ ಅವರ ಕೊಡ್ತಾರೇನ್ರಿ, ಇಲ್ಲಾ ನಾವ ಕೊಟ್ಟ ಕಳಸಬೇಕ?"

ನನಗೆ ಗೊತ್ತಿರಲಿಲ್ಲ. ನೀವೇ ಕೊಟ್ಟು ಕಳಿಸಬೇಕು ಎಂದೆ.